ಸ್ವರ ಒಂದೇ, ರಾಗ ಬೇರೆ: ಬೈಆಲ್ಜಿಬ್ರಾ ಸವಿಯುವ ಬಗೆ

ಭೂಪ್ ಮತ್ತು ದೇಶಕಾರ್ ರಾಗಗಳ ಸ್ವರಗಳನ್ನು ಕಾಗದದ ಮೇಲೆ ಬರೆದರೆ ಎರಡಕ್ಕೂ ಇರುವುದು ಸ ರಿ ಗ ಪ ಧ ಅಷ್ಟೇ. ಆದರೂ ಮಲ್ಲಿಕಾರ್ಜುನ ಮನ್ಸೂರ, ಗಂಗೂಬಾಯಿ ಹಾನಗಲ್ಲರ ಗಾಯನ ಕೇಳಿ ಪಳಗಿದ ಹುಬ್ಬಳ್ಳಿ-ಧಾರವಾಡದ ಕಿವಿ ಇವೆರಡನ್ನು ಅದಲುಬದಲು ಮಾಡದು. ಗಾಂಧಾರವೇ ಪ್ರಾಣವಾದ ಸಂಜೆಯ ಭೂಪ್ ಬೇರೆ, ಧೈವತ ಹಿಡಿದು ನಡೆಯುವ ಬೆಳಗಿನ ದೇಶಕಾರ್ ಬೇರೆ. ರಾಗದ ಗುರುತು ಸ್ವರಗಳು ಒಂದನ್ನೊಂದು ಕೂಡುವ ರೀತಿಯಲ್ಲಿದೆ ಎಂದು ಬಲ್ಲವರಿಗೆ ಗಣಿತದ ಕೆಟಗರಿ ಥಿಯರಿಯ ಹೊಸ್ತಿಲು ಎತ್ತರವೇನಲ್ಲ. ಐಲೆನ್‌ಬರ್ಗ್ ಮತ್ತು ಮ್ಯಾಕ್‌ಲೇನ್ 1945ರಲ್ಲಿ ಮುಂದಿಟ್ಟ ಈ ಶಾಸ್ತ್ರ, ಒಂದು ವಸ್ತು ಉಳಿದವುಗಳೊಂದಿಗೆ ಹೇಗೆ ನಡೆದುಕೊಳ್ಳುತ್ತದೆ ಎಂಬುದನ್ನೇ ಮೊದಲು ಕೇಳುತ್ತದೆ. ಬೈಆಲ್ಜಿಬ್ರಾ ಸವಿಯಲು ಇದೇ ತಕ್ಕ ಕಿವಿ ಎಂಬುದು ನನ್ನ ವಾದ.

ಕೂಡಿಸಲು, ಗುಣಿಸಲು ಬರುವ ಅಂಶಗಳ ವ್ಯವಸ್ಥೆ ಆಲ್ಜಿಬ್ರಾ. ಆ ಅಂಶಗಳು ಕೆಲಸ ಮಾಡುವ ವೆಕ್ಟರ್ ಸ್ಪೇಸ್ ಅದರ ಮಾಡ್ಯೂಲ್. ಎರಡು ಮಾಡ್ಯೂಲ್‌ಗಳನ್ನು ಟೆನ್ಸರ್ ಗುಣಾಕಾರದಿಂದ ಜೋಡಿಸಿದಾಗ ತೊಡಕು ಏಳುತ್ತದೆ: ಒಂದು ಅಂಶ ಎರಡರ ಮೇಲೂ ಹೇಗೆ ಕೆಲಸ ಮಾಡಬೇಕು? ಅದನ್ನು ಹಂಚಿಕೊಡುವ ನಿಯಮವೇ ಕೋಪ್ರಾಡಕ್ಟ್. ಗ್ರೂಪ್‌ನ ಅಂಶ ಎರಡರ ಮೇಲೂ ಇಡಿಯಾಗಿ ಕೆಲಸ ಮಾಡುತ್ತದೆ. ಲೀ ಆಲ್ಜಿಬ್ರಾದ ಅಂಶ ಒಮ್ಮೆ ಇದರ ಮೇಲೆ, ಒಮ್ಮೆ ಅದರ ಮೇಲೆ ಕೆಲಸ ಮಾಡಿ ಫಲಗಳನ್ನು ಕೂಡಿಸುತ್ತದೆ, ಗುಣಲಬ್ಧದ ಡೆರಿವೇಟಿವ್ ತೆಗೆಯುವ ಹಾಗೆ. ಆಲ್ಜಿಬ್ರಾಕ್ಕೆ ಇಂಥ ಹಂಚಿಕೆ ಕೊಟ್ಟು ಬೈಆಲ್ಜಿಬ್ರಾ ಮಾಡುವುದೂ, ಅದರ ಮಾಡ್ಯೂಲ್‌ಗಳನ್ನು ವೆಕ್ಟರ್ ಸ್ಪೇಸ್‌ಗಳ ಟೆನ್ಸರ್‌ಗೆ ಒಪ್ಪುವಂತೆ ಜೋಡಿಸುವುದೂ ಒಂದೇ ಎಂಬುದು ಪ್ರಮೇಯ. ಹೊಸಬರು ಇಲ್ಲಿ ಸಾಕಷ್ಟು ಹೊತ್ತು ನಿಲ್ಲಬೇಕು.

ಲೆಕ್ಕ ಮಾಡಿದರೆ ಸಾಲದೆ, ಇಷ್ಟು ಅಮೂರ್ತ ಭಾಷೆ ಏಕೆ ಎಂದು ಕೇಳಬಹುದು. ಚೌಕಾಕಾರದ ಕಾಗದವೊಂದನ್ನು ತೆಗೆದುಕೊಳ್ಳಿ. ನಾಲ್ಕು ಬಗೆಯಲ್ಲಿ ತಿರುಗಿಸಿ, ನಾಲ್ಕು ಬಗೆಯಲ್ಲಿ ಮಗುಚಿ ಅದನ್ನು ಅದೇ ಜಾಗದಲ್ಲಿ ಕೂರಿಸಬಹುದು. ಇದು 8 ಅಂಶಗಳ ಗ್ರೂಪ್. ಕ್ವಾಟರ್ನಿಯನ್ ಗ್ರೂಪ್‌ನಲ್ಲೂ 8 ಅಂಶಗಳೇ. ಸಂಕೀರ್ಣ ಸಂಖ್ಯೆಗಳ ಮೇಲೆ ಇವೆರಡರ ಆಲ್ಜಿಬ್ರಾಗಳು ರಚನೆಯಲ್ಲಿ ಒಂದೇ. ಒಡೆಯಲಾಗದ ಮಾಡ್ಯೂಲ್‌ಗಳು ಎರಡಕ್ಕೂ ಐದು: 1 ಆಯಾಮದವು ನಾಲ್ಕು, 2 ಆಯಾಮದ್ದು ಒಂದು. ಕ್ಯಾರೆಕ್ಟರ್ ಟೇಬಲ್ಲೂ ಒಂದೇ. ದೊಡ್ಡ ಮಾಡ್ಯೂಲನ್ನು ಅದರೊಂದಿಗೇ ಜೋಡಿಸಿದರೆ ಎರಡರಲ್ಲೂ ಆ ನಾಲ್ಕು ಚಿಕ್ಕವು ಹೊರಬರುತ್ತವೆ. ಇಷ್ಟಾದರೂ ಲೆಕ್ಕಕ್ಕೆ ಕೇಳಿಸಿದ್ದು ಸ್ವರ ಮಾತ್ರ. ಆ ದೊಡ್ಡ ಮಾಡ್ಯೂಲ್‌ನ ಎರಡು ವೆಕ್ಟರ್‌ಗಳಿಂದ, ಗ್ರೂಪ್ ಏನು ಮಾಡಿದರೂ ಬದಲಾಗದ ಸಂಖ್ಯೆಯೊಂದನ್ನು ಪಡೆಯಬಹುದು. ವೆಕ್ಟರ್‌ಗಳನ್ನು ಹಿಂದುಮುಂದು ಮಾಡಿದರೆ ಚೌಕದಲ್ಲಿ ಆ ಸಂಖ್ಯೆ ಹಾಗೇ ಉಳಿಯುತ್ತದೆ. ಕ್ವಾಟರ್ನಿಯನ್‌ನಲ್ಲಿ ಮೈನಸ್ ಬರುತ್ತದೆ. ಮೂರು ಮಾಡ್ಯೂಲ್‌ಗಳ ಜೋಡಣೆಯಲ್ಲಿ ಕಂಸ ಸರಿಸುವಾಗ, ಮಾಡ್ಯೂಲ್‌ಗಳನ್ನೂ ಅವುಗಳ ಜೋಡಣೆಯನ್ನೂ ಒಟ್ಟಿಗೆ ಹಿಡಿದ ಕೆಟಗರಿ ಈ ಮೈನಸ್ಸನ್ನು ನೆನಪಿಟ್ಟಿರುತ್ತದೆ. ಯಾವುವು ಕೂಡಿದರೆ ಯಾವುವು ಹೊರಬರುತ್ತವೆ ಎಂಬ ಇದೇ ಕೋಷ್ಟಕಕ್ಕೆ ನಾಲ್ಕು ಕೆಟಗರಿಗಳಿವೆ ಎಂದು ತಂಬಾರ ಮತ್ತು ಯಾಮಗಾಮಿ 1998ರಲ್ಲಿ ಪ್ರಕಟಿಸಿದ ವರ್ಗೀಕರಣ ಹೇಳುತ್ತದೆ. ಎರಡು ಈ ಗ್ರೂಪ್‌ಗಳವು, ಮೂರನೆಯದು ಕಾಟ್ಸ್–ಪಾಲ್ಯುಟ್ಕಿನ್ ಬೈಆಲ್ಜಿಬ್ರಾದ್ದು. ನಾಲ್ಕನೆಯದು ಯಾವ ಬೈಆಲ್ಜಿಬ್ರಾಕ್ಕೂ ಸಿಗದು.

ಹಾಗಾದರೆ ಕೆಟಗರಿ ಒಂದಿದ್ದರೆ ಸಾಕೇ? ಸಾಲದು. ಟೆನ್ಸರ್ ಕೆಟಗರಿ ಒಂದೇ ಆಗಿಯೂ ಬೇರೆ ಬೇರೆಯಾದ ಗ್ರೂಪ್‌ಗಳಿವೆ ಎಂಬುದನ್ನು ಎಟಿಂಗೋಫ್ ಮತ್ತು ಗೆಲಾಕಿ 2001ರಲ್ಲಿ ವಿವರಿಸಿದರು. ಪ್ರತಿ ಮಾಡ್ಯೂಲ್‌ನ ಕೆಳಗಿರುವ ವೆಕ್ಟರ್ ಸ್ಪೇಸ್ ಯಾವುದೆಂಬ ಅರಿವನ್ನೂ ಉಳಿಸಿಕೊಂಡರೆ ಮಾತ್ರ ಬೈಆಲ್ಜಿಬ್ರಾ ಮರಳಿ ಕೈಗೆ ಬರುತ್ತದೆ. ಷಡ್ಜ ಎಲ್ಲಿದೆ ಎಂದು ತಂಬೂರಿ ಹೇಳದಿದ್ದರೆ ಸ್ವರಕ್ಕೆ ಹೆಸರಿಡಲು ಬಾರದಷ್ಟೆ. ಆದ್ದರಿಂದ ಯಾವ ಬೈಆಲ್ಜಿಬ್ರಾ ಎದುರಾದರೂ ಈ ಶ್ರುತಿ ಬಿಡದೆ ಮೂರು ಪ್ರಶ್ನೆ ಕೇಳಿ: ಮಾಡ್ಯೂಲ್‌ಗಳು ಯಾವುವು? ಎರಡು ಕೂಡಿದರೆ ಏನಾಗುತ್ತದೆ? ಮೂರು ಕೂಡಿದಾಗ ಕಂಸ ಸರಿಸಿದರೆ ಏನಾಗುತ್ತದೆ? ಮೊದಲನೆಯದು ಸ್ವರದ ಪ್ರಶ್ನೆ. ರಾಗ ಉಳಿದೆರಡರಲ್ಲಿದೆ.