ನಮ್ಮ ವಾರ್ತಾಪತ್ರದ ಪುಟಗಳು: ಒಂದು ವಿಮರ್ಶೆ

ನಮ್ಮ ಕೂಟಗಳ ವಾರ್ತಾಪತ್ರದಲ್ಲಿ ಬರುವ ಕವನದ ಬಗ್ಗೆ, ನಗೆಬರಹದ ಬಗ್ಗೆ ನಾಲ್ಕು ಜನ ಸೇರಿದಲ್ಲೆಲ್ಲ ಚರ್ಚೆಯಾಗುತ್ತದೆ. ಅವು ಕುಳಿತಿರುವ ಪುಟದ ಬಗ್ಗೆ ಮಾತ್ರ ಯಾರೂ ತುಟಿ ಬಿಚ್ಚುವುದಿಲ್ಲ. ಆಫೀಸು ಮುಗಿಸಿ ಬಂದು, ರಾತ್ರಿ ನಿದ್ದೆಗೆಟ್ಟು, ಪುಕ್ಕಟೆಯಾಗಿ ಮಾಡುವ ಕೆಲಸ. ಅದಕ್ಕೆ ಹೆಸರಿಡುವುದು ಹೇಗೆ ಎಂಬ ಸಂಕೋಚ. ಈ ಸಲ ಆ ಸಂಕೋಚವನ್ನು ಪಕ್ಕಕ್ಕಿಟ್ಟಿದ್ದೇವೆ. ದುಬೈ, ಶಾರ್ಜಾ, ಅಬುಧಾಬಿಗಳ ಕನ್ನಡ ಕೂಟಗಳ ಹಳೆಯ ಹೊಸ ಸಂಚಿಕೆಗಳು, ರಾಜ್ಯೋತ್ಸವದ ಸ್ಮರಣ ಸಂಚಿಕೆಗಳು, ಆಮಂತ್ರಣ ಪತ್ರಿಕೆಗಳು, ಹೀಗೆ ದೊಡ್ಡದೊಂದು ಕಟ್ಟನ್ನು ಮುಂದಿಟ್ಟುಕೊಂಡು ನೋಡಿದೆವು. ಯಾವುದು ಯಾರದೆಂದು ಹೇಳುವುದಿಲ್ಲ. ದೋಷಗಳು ಎಲ್ಲರಿಗೂ ಸಮನಾಗಿ ಹಂಚಿಕೆಯಾಗಿವೆ.

ಕಟ್ಟಿನಲ್ಲಿ ಮೊದಲು ಕಣ್ಣಿಗೆ ಬಿದ್ದದ್ದು ಒಂದು ಮನವಿ. ಊರಿನ ಶಾಲೆಯೊಂದಕ್ಕೆ ಸದಸ್ಯರು ಉದಾರವಾಗಿ 'ದನ ಸಹಾಯ' ಮಾಡಬೇಕೆಂದು ಅದರಲ್ಲಿ ಕೋರಿದ್ದಾರೆ. ಬರೆದವರಿಗೆ ಮಹಾಪ್ರಾಣ ತಿಳಿಯದೆಂದು ನಗಬೇಡಿ. ಭೂತಗನ್ನಡಿ ಹಿಡಿದು ನೋಡಿದರೆ ಅಲ್ಲಿರುವುದು ಧಕಾರವೇ. ಬುಡದ ಸೀಳು ಮುಚ್ಚಿಹೋಗಿದೆ. ದ-ಧ, ಡ-ಢ, ಬ-ಭ, ಪ-ಫ ಇವುಗಳ ನಡುವಿನ ಅಂತರವೆಲ್ಲ ಆ ಒಂದು ಸಣ್ಣ ಸೀಳಿನಲ್ಲಿದೆ. ಸಾಲು ಎದ್ದು ಕಾಣಲೆಂದು 'ಬೋಲ್ಡ್' ಗುಂಡಿ ಒತ್ತುತ್ತೇವೆ. ಆ ಫಾಂಟಿಗೆ ಪ್ರತ್ಯೇಕವಾಗಿ ಬರೆದ ದಪ್ಪ ಅಕ್ಷರಗಳಿಲ್ಲದಿದ್ದರೆ ತಂತ್ರಾಂಶ ಇದ್ದ ಗೆರೆಗಳನ್ನೇ ಸುತ್ತಲೂ ಉಬ್ಬಿಸುತ್ತದೆ. ಅದರ ಮೇಲೆ ಝೆರಾಕ್ಸ್ ಯಂತ್ರ ತನ್ನ ಪಾಲಿನ ಮಸಿ ಬಳಿಯುತ್ತದೆ. ಅಲ್ಲಿಗೆ ಧನ ಹೋಗಿ ದನ ಬಂತು! ನೋಟೋ ಸಾನ್ಸ್ ಕನ್ನಡದಂಥ ಫಾಂಟುಗಳಲ್ಲಿ ತೆಳುವಿನಿಂದ ದಪ್ಪದವರೆಗೆ ಬೇರೆ ಬೇರೆ ತೂಕದ ಅಕ್ಷರಗಳನ್ನು ಬೇರೆಯಾಗಿಯೇ ರೂಪಿಸಿದ್ದಾರೆ. ಶೀರ್ಷಿಕೆಗೆ ಬಾಲೂ ತಮ್ಮ ಎಂಬ ಗುಂಡು ಗುಂಡು ಫಾಂಟು ಚೆನ್ನ, ಆದರೆ ಅದರಲ್ಲಿ ಇಡೀ ಲೇಖನ ಹಾಕಿದರೆ ಓದುಗನಿಗೆ ಅಜೀರ್ಣ. ಇನ್ನು 2001ರಲ್ಲಿ ವಿಂಡೋಸ್ ಎಕ್ಸ್‌ಪಿ ಜೊತೆ ಬಂದ ತುಂಗಾ ಇದಕ್ಕೆ ಉಲ್ಟಾ. ಅದರ ಗೆರೆ ನಮ್ಮ ಯಂತ್ರಗಳಿಗೆ ತೀರಾ ತೆಳು. ಪ್ರತಿಯ ಪ್ರತಿ ತೆಗೆಯುವಷ್ಟರಲ್ಲಿ ಅಕ್ಷರ ಅಲ್ಲಲ್ಲಿ ತುಂಡಾಗುತ್ತದೆ. ಝೆರಾಕ್ಸಿಗೆ ಹೋಗುವ ಪುಟದಲ್ಲಿ ಬೂದು ಬಣ್ಣದ ಹಿನ್ನೆಲೆಯೂ ಬೇಡ. ಅದರ ಚುಕ್ಕಿಗಳೆಲ್ಲ ಅನುಸ್ವಾರದಂತೆ ಕಾಣತೊಡಗುತ್ತವೆ.

ನಮ್ಮ ದೊಡ್ಡ ತಕರಾರು ಬೇರೆಯೇ ಇದೆ. ಇಂಗ್ಲಿಷಿಗೆ ಹೊಲಿದ ಅಂಗಿಯನ್ನು ಕನ್ನಡಕ್ಕೆ ತೊಡಿಸುತ್ತಿದ್ದೇವೆ. ಇಂಗ್ಲಿಷ್ ಸಾಲು ಹೆಚ್ಚುಕಡಿಮೆ ಒಂದೇ ನೆಲದ ಮೇಲೆ ನಿಲ್ಲುತ್ತದೆ. 12 ಪಾಯಿಂಟಿನ ಅಕ್ಷರಕ್ಕೆ 14, 14.5 ಪಾಯಿಂಟಿನ ಸಾಲು ಸಾಕು. ಕನ್ನಡಕ್ಕೆ ನೆಲಮಾಳಿಗೆಯೂ ಉಂಟು. 'ಸ್ವಾತಂತ್ರ್ಯ', 'ರಾಷ್ಟ್ರೀಯ' ಎಂದು ಬರೆದಾಗ ಒತ್ತಿನ ಜೊತೆಗೆ ಇನ್ನೊಂದು ಒತ್ತು ಕೆಳಗಿಳಿಯುತ್ತದೆ. ಅದೇ ಜಾಗದಲ್ಲಿ ಕೆಳಸಾಲಿನ ಗುಡಿಸು ಮೇಲೆದ್ದಿದ್ದರೆ ಎರಡಕ್ಕೂ ಡಿಕ್ಕಿ. 12 ಪಾಯಿಂಟಿಗೆ 18 ಪಾಯಿಂಟಿನ ಸಾಲು ಕೊಟ್ಟು ನೋಡಿ, ಪುಟ ಉಸಿರಾಡುತ್ತದೆ. ವರ್ಡ್‌ನಲ್ಲಿ ಸಾಲಿನ ಅಂತರವನ್ನು 'ಎಕ್ಸಾಕ್ಟ್ಲಿ' ಎಂದು ಬಿಗಿದಿಟ್ಟರೆ ತೆರೆಯ ಮೇಲೆ ಒತ್ತಿನ ಕಾಲೇ ಕತ್ತರಿಸಿ ಹೋಗುವುದುಂಟು. ಪುಟ ಹೆಚ್ಚಾಗುತ್ತದೆ, ಖರ್ಚು ಬರುತ್ತದೆ ಎನ್ನುವವರಿಗೆ ನಮ್ಮ ಉತ್ತರ: ಲೇಖನ ಕತ್ತರಿಸಿ, ಒತ್ತನ್ನು ಕತ್ತರಿಸಬೇಡಿ. ಅಧ್ಯಕ್ಷರ ಸಂದೇಶದಿಂದಲೇ ಶುರುಮಾಡಬಹುದು.

ಕಾಲಂಗಳ ಕಥೆಯೂ ಅದೇ. ಎ4 ಹಾಳೆಯಲ್ಲಿ ಮೂರು ಕಾಲಂ ಮಾಡಿ ಎರಡೂ ಅಂಚನ್ನು ಸಮ ಮಾಡುವುದು ಇಂಗ್ಲಿಷ್ ಪತ್ರಿಕೆಗಳಿಂದ ಬಂದ ಮೋಹ. ನಮ್ಮ ಪದಗಳು ವಿಭಕ್ತಿ, ಸಂಧಿ, ಸಮಾಸ ಎಲ್ಲವನ್ನೂ ಮಡಿಲಲ್ಲಿ ಕಟ್ಟಿಕೊಂಡು ನಡೆಯುವಂಥವು. 'ಏರ್ಪಡಿಸಲಾಗುತ್ತಿರುವುದರಿಂದ' ಎಂಬ ಒಂದೇ ಪದ ಒಂದು ಸಾಲು ನುಂಗುತ್ತದೆ; ಮೇಲಿನ ಸಾಲಿನಲ್ಲಿ ಉಳಿದ ಎರಡು ಪದಗಳು ಕ್ರೀಕಿನ ಆಚೆ ದಡ ಈಚೆ ದಡದಲ್ಲಿ ನಿಂತವರಂತೆ ದೂರ ದೂರ. ಅದನ್ನು ತುಂಬಿಸಲು ಕೆಲವರು ಅಕ್ಷರಗಳ ನಡುವೆ ಜಾಗ ಬಿಡುತ್ತಾರೆ. ಆಗ ಒತ್ತು ಒಂದು ಕಡೆ, ಅಕ್ಷರ ಒಂದು ಕಡೆ ಆಗುವ ಅಪಾಯ. ಎರಡೇ ಕಾಲಂ ಇಡಿ, ಎಡ ಅಂಚು ನೇರವಿರಲಿ, ಬಲ ಅಂಚು ಹೇಗಾದರೂ ಇರಲಿ. ಯಾರೂ ಬೇಸರಿಸುವುದಿಲ್ಲ.

ಇಲ್ಲಿನ ಮುದ್ರಣಾಲಯಗಳಿಗೆ ಕೊಟ್ಟಾಗ ಆಗುವ ಅನಾಹುತವೂ ಒಂದಿದೆ. ಸ್ಮರಣ ಸಂಚಿಕೆಯೊಂದರಲ್ಲಿ 'ಅಕ್ಕ' ಎಂಬುದು 'ಅಕ್‌ಕ' ಆಗಿ, 'ಅಮ್ಮ' ಎಂಬುದು 'ಅಮ್‌ಮ' ಆಗಿ ಇಡೀ ಎರಡು ಪುಟ ಅಚ್ಚಾಗಿದೆ. ಇದು ಇನ್‌ಡಿಸೈನ್ ತಂತ್ರಾಂಶದಲ್ಲಿ ಯೂನಿಕೋಡ್ ಕನ್ನಡವನ್ನು ಸುಮ್ಮನೆ ಅಂಟಿಸಿದ ಫಲ. ಇಂಗ್ಲಿಷಿಗಾಗಿ ಇರುವ ಕಂಪೋಸರಿಗೆ ಒತ್ತು ಕಟ್ಟಲು ಬರುವುದಿಲ್ಲ. ಪ್ಯಾರಾಗ್ರಾಫ್ ಪ್ಯಾನೆಲ್ಲಿನ ಮೆನುವಿನಲ್ಲಿ ವರ್ಲ್ಡ್-ರೆಡಿ ಕಂಪೋಸರ್ ಆರಿಸಿಕೊಂಡರೆ ಎಲ್ಲವೂ ತಮ್ಮ ಜಾಗಕ್ಕೆ ಬರುತ್ತವೆ. ಬಲದಿಂದ ಎಡಕ್ಕೆ, ಒಂದಕ್ಕೊಂದು ಕೈಹಿಡಿದು ಸಾಗುವ ಅರಬ್ಬಿ ಅಕ್ಷರಗಳಿಗೂ ಬೇಕಾದದ್ದು ಅದೇ ಕಂಪೋಸರು. ಆದ್ದರಿಂದ ದುಬೈಯ ಪ್ರೆಸ್ಸಿನವರಿಗೆ ಅದು ಹೊಸತಲ್ಲ. ಕನ್ನಡಕ್ಕೂ ಅದೇ ಬೇಕೆಂದು ನಾವು ಬಾಯಿಬಿಟ್ಟು ಹೇಳಬೇಕು, ಅಷ್ಟೇ. ಅವರಿಗೆ ಫಾಂಟನ್ನು ಒಳಗೊಂಡ ಪಿ.ಡಿ.ಎಫ್. ಕೊಟ್ಟರೆ ಇನ್ನೂ ಸುರಕ್ಷಿತ. ಹಣ ಕೊಟ್ಟು ತಂತ್ರಾಂಶ ಕೊಳ್ಳಲಾಗದವರಿಗೆ ಸ್ಕ್ರೈಬಸ್ ಇದೆ. 2024ರ ಆರಂಭದಲ್ಲಿ ಬಂದ ಅದರ 1.6 ಆವೃತ್ತಿ ಭಾರತೀಯ ಲಿಪಿಗಳ ಒತ್ತುಗಳನ್ನು ಕೂಡಿಸಬಲ್ಲದು.

ಕೂಡಬಾರದ ಕಡೆ ಕೂಡುವುದೂ ಇದೆ. 'ರೋಡ್‌ನಲ್ಲಿ' ಎಂಬುದು 'ರೋಡ್ನಲ್ಲಿ' ಆಗುವುದು, ಮಕ್ಕಳ 'ರ‍್ಯಾಂಕ್' ಪಟ್ಟಿಯಲ್ಲಿ ರಕಾರ ಮುಂದೆ ನಿಲ್ಲುವ ಬದಲು ಯಕಾರದ ಹಿಂದೆ ಅರ್ಕಾವೊತ್ತಾಗಿ ಅವಿತುಕೊಳ್ಳುವುದು, ಇವಕ್ಕೆಲ್ಲ ಕಣ್ಣಿಗೆ ಕಾಣದ ಎರಡು ಸಂಕೇತಗಳು ಮದ್ದು: ಒತ್ತಾಗದಂತೆ ತಡೆಯುವುದು ಒಂದು, ಕೂಡಿಸುವ ರೀತಿ ಬದಲಿಸುವುದು ಇನ್ನೊಂದು. ಬರಹ, ನುಡಿ ಬಳಸುವವರು ಅವುಗಳ ಕೀಲಿಗಳನ್ನು ತಂತ್ರಾಂಶದ ಸಹಾಯಪುಟದಲ್ಲಿ ಒಮ್ಮೆ ನೋಡಿಟ್ಟುಕೊಂಡರೆ ಸಾಕು.

ಇಲ್ಲಿಯವರೆಗಿನ ದೋಷಗಳನ್ನು ಮುಂದಿನ ಸಂಚಿಕೆಯಲ್ಲಿ ತಿದ್ದಬಹುದು. ತಿದ್ದಲಾಗದ ಒಂದು ಸಂಗತಿ ಆ ಕಟ್ಟಿನ ಜೊತೆಗಿದ್ದ ಸಿ.ಡಿ.ಗಳಲ್ಲಿ ಸಿಕ್ಕಿತು. ತೀರಾ ಹಳೆಯ ಸಂಚಿಕೆಗಳು ಕೈಬರಹದವು. ಅಕ್ಷರ ದುಂಡಗಿದ್ದ ಯಾರೋ ಒಬ್ಬರು ಇಡೀ ಸಂಚಿಕೆ ಬರೆದುಕೊಡುವುದು, ಅದನ್ನು ಝೆರಾಕ್ಸ್ ಮಾಡಿ ಹಂಚುವುದು. ನಮ್ಮ ಕರಾವಳಿಯವರಿಗೆ ಇದರಲ್ಲಿ ಆಶ್ಚರ್ಯವಿಲ್ಲ; 1843ರಲ್ಲಿ ಮೋಗ್ಲಿಂಗ್ ಮಂಗಳೂರಿನಲ್ಲಿ ತಂದ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'ವೂ ಕಲ್ಲಚ್ಚಿನದೇ. ಆ ಕೈಬರಹದ ಹಾಳೆಗಳನ್ನು ಇವತ್ತೂ ಸರಾಗವಾಗಿ ಓದಬಹುದು. ಅದರ ನಂತರದ, ಕಂಪ್ಯೂಟರಿನಲ್ಲಿ ಮಾಡಿದ ಸಂಚಿಕೆಗಳ ಕಡತ ತೆರೆದರೆ ಕನ್ನಡವೇ ಇಲ್ಲ! ಆಗಿನ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಸಂಕೇತಕ್ಕೆ ಕನ್ನಡದ ವೇಷ ಹಾಕುತ್ತಿದ್ದವು. ವೇಷ ಕಳಚಿದರೆ, ಅಂದರೆ ಫಾಂಟು ಇಲ್ಲದಿದ್ದರೆ, ಹಳೆಯ ನುಡಿಯಲ್ಲಿ ಟೈಪಿಸಿದ 'ಕನ್ನಡ' ಎಂಬ ಪದದ ನಡುವೆ ಬ್ರಿಟಿಷರ ಪೌಂಡ್ ಗುರುತು ಕುಳಿತಿರುತ್ತದೆ. ಪೇಜ್‌ಮೇಕರ್ ಕಡತಗಳದು ಎರಡು ಪಟ್ಟು ಕಷ್ಟ. 1985ರಲ್ಲಿ ಆಲ್ಡಸ್ ಕಂಪನಿ ತಂದು, 1994ರಲ್ಲಿ ಅಡೋಬ್ ಕೈಸೇರಿದ ಆ ತಂತ್ರಾಂಶದ ಕೊನೆಯ ಆವೃತ್ತಿ ಬಂದದ್ದು 2001ರಲ್ಲಿ. ಯೂನಿಕೋಡ್ ಅದಕ್ಕೆ ಕೊನೆಗೂ ತಿಳಿಯಲಿಲ್ಲ. ಯೂನಿಕೋಡಿನ 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಸ್ಥಾನ ಸಿಕ್ಕಿತ್ತೆಂಬುದನ್ನು ನೆನೆದರೆ ಹೊಟ್ಟೆ ಉರಿಯುತ್ತದೆ.

ಕನ್ನಡದ ಕೀಲಿಮಣೆಗೆ ದಾರಿ ಹಾಕಿದ ಕಿನ್ನಿಕಂಬಳ ಪದ್ಮನಾಭ ರಾಯರು ತಮ್ಮ ತಂತ್ರಾಂಶಕ್ಕೆ 'ಸೇಡಿಯಾಪು' ಎಂದು ಹೆಸರಿಟ್ಟು ಉಚಿತವಾಗಿ ಹಂಚಿದರು. ಆ ಔದಾರ್ಯ ಎಲ್ಲರಿಗೂ ಇರಲಿಲ್ಲ. ಶ್ರೀಲಿಪಿ, ಪ್ರಕಾಶಕ, ಆಕೃತಿ ಎಂದು ಪ್ರತಿಯೊಂದಕ್ಕೂ ತನ್ನದೇ ಸಂಕೇತಪಟ್ಟಿ, ತನ್ನದೇ ಬೀಗ. ನುಡಿ ಮತ್ತು ಬರಹದ ಹಳೆಯ ಫಾಂಟಿನ ಪಠ್ಯವನ್ನು ಯೂನಿಕೋಡಿಗೆ ತರುವ ಉಚಿತ ಪರಿವರ್ತಕಗಳು ಈಗ ಇವೆ. ಪರಿವರ್ತಿಸಿದ ಮೇಲೆ ಅರ್ಕಾವೊತ್ತು ಮತ್ತು ಅಂಕಿಗಳನ್ನು ಮೂಲ ಹಾಳೆಯೊಂದಿಗೆ ಹೋಲಿಸಿ ಓದಲೇಬೇಕು. ಒಂದು ಸಂಚಿಕೆಗೆ ಒಬ್ಬರಿಗೆ ಒಂದು ಶುಕ್ರವಾರ ಸಂಜೆ ಹಿಡಿಯಬಹುದು. ಈ ಊರಿಗೆ ಮೊದಲು ಬಂದವರ ನೆನಪಿನ ಬರಹಗಳು ಆ ಸಿ.ಡಿ.ಗಳಲ್ಲಿವೆ. ಬರೆದ ಹಿರಿಯರಲ್ಲಿ ಹಲವರು ಕೆಲಸ ಮುಗಿಸಿ ಊರಿಗೆ ಮರಳಿದ್ದಾರೆ, ಕೆಲವರು ಈಗಿಲ್ಲ.

ಕಟ್ಟಿನ ಅಡಿಯಲ್ಲಿದ್ದ ಮಕ್ಕಳ ಪುಟಗಳನ್ನು ಕೊನೆಗೆ ನೋಡಿದೆವು. ಎಲ್ಲಕ್ಕಿಂತ ಹೆಚ್ಚು ಅನ್ಯಾಯವಾಗಿರುವುದು ಅಲ್ಲೇ. ಜಾಹೀರಾತಿಗೆ ಅರ್ಧ ಪುಟ ಕೊಟ್ಟು ಉಳಿದುದರಲ್ಲಿ ಕಥೆ ತುರುಕಲು 9 ಪಾಯಿಂಟಿನ ಅಕ್ಷರ, ಅದೂ ಕಂಪ್ಯೂಟರ್ ಓರೆ ಮಾಡಿದ್ದು. ಕನ್ನಡಕ್ಕೆ ಓರೆ ಅಕ್ಷರದ ಸಂಪ್ರದಾಯವೇ ಇಲ್ಲ. ದೊಡ್ಡವರಾದ ನಮಗೆ ಒತ್ತು ಅಳಿಸಿದರೂ ಪದ ತಿಳಿಯುತ್ತದೆ, ಊಹಿಸಿ ಓದುತ್ತೇವೆ. ಇಲ್ಲೇ ಹುಟ್ಟಿ, ರಜಾದಿನದ ಕನ್ನಡ ತರಗತಿಯಲ್ಲಿ ನಿನ್ನೆ ಮೊನ್ನೆ ಒತ್ತಕ್ಷರ ಕಲಿತ ಮಗುವಿಗೆ ಊಹಿಸಲು ಏನೂ ಇಲ್ಲ. ಕಾಗದದ ಮೇಲೆ ಇದ್ದಷ್ಟೇ. ಮಕ್ಕಳ ಪುಟಕ್ಕೆ 16 ಪಾಯಿಂಟು, ಒಂದೇ ಕಾಲಂ, ನೇರ ಅಕ್ಷರ, ಇಷ್ಟನ್ನು ಬರುವ ರಾಜ್ಯೋತ್ಸವದ ಸಂಚಿಕೆಯಿಂದಲೇ ಮಾಡಬಹುದು. ಜಾಹೀರಾತನ್ನು ಹಿಂದಿನ ಪುಟಕ್ಕೆ ಕಳಿಸಿದರಾಯಿತು.