ಗದ್ದುಗೆ ಇಲ್ಲದ ಗುರು

ಈಸ್ಟರ್ ಬಂತೆಂದರೆ ಚಿಕ್ಕೋಡಿ, ರಾಯಬಾಗ, ಅಥಣಿಯ ಕಡೆ ಕ್ರೈಸ್ತ ನೆರೆಯವರಿಗೆ ಶುಭ ಕೋರಲು ಬರುವ ಸಜ್ಜನರು ಸಾಮಾನ್ಯವಾಗಿ ಒಂದೇ ಮಾತು ಆಡುತ್ತಾರೆ. ಯೇಸು ಸತ್ತು ಎದ್ದ ಎಂದರೆ ಆತ್ಮಕ್ಕೆ ಸಾವಿಲ್ಲ ಎಂದರ್ಥ. ನಮ್ಮ ಹಿರಿಯರೂ ಅದನ್ನೇ ಹೇಳಿದ್ದಾರೆ. ಎಲ್ಲ ಧರ್ಮಗಳ ಸಾರ ಒಂದೇ. ಒಳ್ಳೆಯ ಮನಸ್ಸಿನಿಂದ ಬಂದ ಮಾತು ಇದು. ಸಂತೆಯಲ್ಲೂ ಜಾತ್ರೆಯಲ್ಲೂ ಕೂಡಿ ಬಾಳುವ ಜನ ಒಬ್ಬರನ್ನೊಬ್ಬರು ಹತ್ತಿರ ಮಾಡಿಕೊಳ್ಳುವ ರೀತಿ. ಕೇಳಿದ ಕ್ರೈಸ್ತರು ತಲೆದೂಗುತ್ತಾರೆ. ಬರೀ ಮರ್ಯಾದೆಗೆ ಹಾಗೆ ಮಾಡುತ್ತಾರೆ ಎನ್ನುವಂತಿಲ್ಲ. ಅವರಲ್ಲಿ ಬಹುಮಂದಿ ನಂಬಿಕೊಂಡಿರುವುದೂ ಅದನ್ನೇ. ಮಣ್ಣು ಕೊಡುವ ದಿನ ಸಭಾಪಾಲಕರು, ಮಣ್ಣಿನ ದೇಹ ಮಣ್ಣಿಗೆ ಸೇರಿತು, ಆತ್ಮ ಪರಲೋಕಕ್ಕೆ ಹೋಯಿತು ಎಂದು ಹೇಳಿ ಮುಗಿಸುತ್ತಾರೆ. ಮನೆಯವರು 'ದೇವರು ಕರಕೊಂಡ' ಎಂದು ಕಣ್ಣೊರೆಸಿಕೊಳ್ಳುತ್ತಾರೆ.

ಈ ತಿಳಿವಳಿಕೆ ತಪ್ಪು ಎಂಬುದು ನನ್ನ ವಾದ. ಕ್ರೈಸ್ತ ನಂಬಿಕೆಯೊಳಗೆ ನಿಂತೇ ಇದನ್ನು ಹೇಳುತ್ತಿದ್ದೇನೆ. ಪುನರುತ್ಥಾನವೆಂದರೆ ಆತ್ಮದ ಅಮರತ್ವ ಎಂದೊಪ್ಪಿಕೊಂಡರೆ ಕ್ರೈಸ್ತ ಧರ್ಮದ ನಡುಗಂಬವೇ ಬೀಳುತ್ತದೆ. ಜೊತೆಗೆ ಈ ನೆಲದ ಇನ್ನೆರಡು ದೊಡ್ಡ ಪರಂಪರೆಗಳ ಮೊನಚೂ ಹೋಗುತ್ತದೆ.

ಮೊದಲು ಆ ಪರಂಪರೆಗಳನ್ನೇ ನೋಡೋಣ. ನಿಪ್ಪಾಣಿ ಬಳಿಯ ಭೋಜ ಗ್ರಾಮದ ಆಚಾರ್ಯ ಶಾಂತಿಸಾಗರರು ಇಪ್ಪತ್ತನೆಯ ಶತಮಾನದಲ್ಲಿ ದಿಗಂಬರ ಮುನಿಧರ್ಮಕ್ಕೆ ಮರುಜೀವ ಕೊಟ್ಟವರು. 1955ರ ಸೆಪ್ಟೆಂಬರ್ 18ರಂದು ಕುಂಥಲಗಿರಿಯಲ್ಲಿ ಸಲ್ಲೇಖನದಿಂದ ದೇಹ ಬಿಟ್ಟರು. ಸದಲಗಾದಲ್ಲಿ ಹುಟ್ಟಿದ ಆಚಾರ್ಯ ವಿದ್ಯಾಸಾಗರರು 2024ರ ಫೆಬ್ರವರಿಯಲ್ಲಿ ಡೋಂಗರಗಢದಲ್ಲಿ ಅದೇ ವ್ರತದಿಂದ ಹೊರಟರು. ಜೈನರ ಪಾಲಿಗೆ ದೇಹ ಕರ್ಮದ ಸೆರೆ. ಅನ್ನ ಬಿಟ್ಟು, ನೀರು ಬಿಟ್ಟು, ಯಾರ ಮೇಲೂ ಸಿಟ್ಟಿಲ್ಲದೆ, ಯಾವುದರ ಮೇಲೂ ಆಸೆಯಿಲ್ಲದೆ ಅದರಿಂದ ಬಿಡಿಸಿಕೊಳ್ಳುವುದೇ ಸಾಧನೆ. ಅಥಣಿಯ ಗಚ್ಚಿನಮಠದ ಮುರುಘೇಂದ್ರ ಶಿವಯೋಗಿಗಳು 1921ರಲ್ಲಿ ಲಿಂಗೈಕ್ಯರಾದರು. ಶರಣರ ಪಾಲಿಗೆ ಸಾವೇ ಇಲ್ಲ, ಇರುವುದು ಐಕ್ಯ. ಅಂಗ ಲಿಂಗದಲ್ಲಿ ಬೆರೆತುಹೋಗುತ್ತದೆ. ಗುರುವಿನ ಸಾನ್ನಿಧ್ಯ ಗದ್ದುಗೆಯಲ್ಲಿ ಉಳಿಯುತ್ತದೆ. ಎರಡೂ ಶತಮಾನಗಟ್ಟಲೆ ಬಾಳಿ ತೋರಿಸಿದ ದರ್ಶನಗಳು. ಆದರೆ ಅವೆರಡೇ ಒಂದಲ್ಲ. ಜೈನನ ಜೀವ ಯಾವುದರಲ್ಲೂ ಬೆರೆಯುವುದಿಲ್ಲ, ಸಿದ್ಧಲೋಕದಲ್ಲಿ ತಾನು ತಾನಾಗಿಯೇ ನಿಲ್ಲುತ್ತದೆ. ಶರಣ ಬೆರೆಯುವುದನ್ನೇ ಬಯಸುತ್ತಾನೆ. ಇಷ್ಟು ದೂರವಿರುವ ಇವೆರಡರ ಜೊತೆ ಮೂರನೆಯದನ್ನೂ ಸೇರಿಸಿ 'ಎಲ್ಲ ಒಂದೇ' ಎನ್ನುವವರು ಮೂರನ್ನೂ ಸರಿಯಾಗಿ ಕೇಳಿಸಿಕೊಂಡಿಲ್ಲ.

ಶಾಂತಿಸಾಗರರು ದೇಹ ಬಿಟ್ಟ ಅದೇ 1955ರಲ್ಲಿ ಆಸ್ಕರ್ ಕುಲ್‌ಮನ್ ಎಂಬ ಬೈಬಲ್ ವಿದ್ವಾಂಸ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಒಂದು ಉಪನ್ಯಾಸ ಕೊಟ್ಟ. ಆತ್ಮದ ಅಮರತ್ವವೋ, ಸತ್ತವರ ಪುನರುತ್ಥಾನವೋ ಎಂಬುದು ಅವನ ಪ್ರಶ್ನೆ. ಸಾಕ್ರೆಟಿಸನ ಸಾವನ್ನೂ ಯೇಸುವಿನ ಸಾವನ್ನೂ ಅಕ್ಕಪಕ್ಕ ಇಟ್ಟು ತೋರಿಸಿದ. ಸಾಕ್ರೆಟಿಸ್ ಶಿಷ್ಯರ ನಡುವೆ ಕೂತು, ಆತ್ಮ ಅಳಿಯದೆಂದು ವಾದಿಸುತ್ತ, ನೆಮ್ಮದಿಯಿಂದ ವಿಷ ಕುಡಿಯುತ್ತಾನೆ. ಯೇಸು ಗೆತ್ಸೆಮನೆಯ ತೋಟದಲ್ಲಿ ನಡುಗುತ್ತಾನೆ, ಈ ಪಾತ್ರೆ ತನ್ನಿಂದ ತಪ್ಪಿಹೋಗಲಿ ಎಂದು ಬೇಡುತ್ತಾನೆ, ಶಿಲುಬೆಯ ಮೇಲೆ ಕೂಗಿಕೊಂಡು ಸಾಯುತ್ತಾನೆ. ಗೆಳೆಯ ಲಾಜರನ ಸಮಾಧಿಯ ಮುಂದೆ ಅತ್ತವನೂ ಅವನೇ. ಆತ್ಮದ ಬಿಡುಗಡೆಯೇ ಸಾವಾಗಿದ್ದರೆ ಅಳುವುದೇಕೆ? ಸಂತ ಪೌಲ ಸಾವನ್ನು ಕರೆದದ್ದು ಕೊನೆಯ ಶತ್ರು ಎಂದು. ಶತ್ರುವನ್ನು ಅತಿಥಿಯಂತೆ ಕರೆದು ಕೂರಿಸುವ ನಮ್ಮ ಅಂತ್ಯಕ್ರಿಯೆಯ ಪ್ರಸಂಗಗಳು ಪೌಲನಿಗಿಂತ ಪ್ಲೇಟೋಗೆ ಹತ್ತಿರದವು. ತಪ್ಪು ನೆರೆಯವರ ಸಹವಾಸದಿಂದ ಬಂದದ್ದೂ ಅಲ್ಲ. ಗ್ರೀಕ್ ಚಿಂತನೆ ಕ್ರೈಸ್ತ ಸಭೆಯೊಳಗೆ ಬಹಳ ಹಿಂದೆಯೇ ಬೇರೂರಿತ್ತು. 1820ರಲ್ಲಿ ಬೆಳಗಾವಿಗೆ ಬಂದ ಲಂಡನ್ ಮಿಷನ್ನಿನವರ ಕಾಲದ ಭಕ್ತಿಯಲ್ಲೂ ಆತ್ಮಗಳನ್ನು ಉಳಿಸುವ ಮಾತೇ ಮುಂದೆ.

ಹಾಗಾದರೆ ಸುವಾರ್ತೆಗಳು ಹೇಳುವುದೇನು? ಭಾನುವಾರ ನಸುಕಿನಲ್ಲಿ ಹೆಂಗಸರು ಸಮಾಧಿಗೆ ಹೋದರು. ಅದು ಬರಿದಾಗಿತ್ತು. ಅಥಣಿಯ ಭಕ್ತ ಗಚ್ಚಿನಮಠಕ್ಕೆ ಹೋಗುವುದು ಅಲ್ಲಿ ಗುರು ಇದ್ದಾನೆಂದು. ಜೆರುಸಲೇಮಿನ ಪವಿತ್ರ ಸಮಾಧಿಯ ದೇವಾಲಯ ಕ್ರಿ.ಶ. 335ರಲ್ಲಿ ಪ್ರತಿಷ್ಠೆಗೊಂಡಾಗಿನಿಂದ ಯಾತ್ರಿಕರು ಅಲ್ಲಿಗೆ ಹೋಗುತ್ತಿರುವುದು ಅಲ್ಲಿ ಅವನಿಲ್ಲವೆಂದು. ಯೇಸುವಿಗೆ ಗದ್ದುಗೆಯಿಲ್ಲ. ಎದ್ದು ಬಂದವನು ನೆರಳಾಗಿಯೋ ಬೆಳಕಾಗಿಯೋ ಬರಲಿಲ್ಲ. ಎಮ್ಮಾಹುವಿನ ದಾರಿಯಲ್ಲಿ ನಡೆದ, ರೊಟ್ಟಿ ಮುರಿದ, ಶಿಷ್ಯರ ಮುಂದೆ ಸುಟ್ಟ ಮೀನು ತಿಂದ, ತೋಮನಿಗೆ ಕೈಯ ಗಾಯ ತೋರಿಸಿದ. ಅದೇ ದೇಹವೇ? ಹೌದು, ಆದರೆ ಮಾರ್ಪಟ್ಟದ್ದು. ಪೌಲ ಇದಕ್ಕೆ ಕೊಡುವುದು ಬಿತ್ತಿದ ಕಾಳಿನ ಹೋಲಿಕೆ. ನಿಪ್ಪಾಣಿಯ ರೈತನಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಧೂಳಿನ ಕಣದಷ್ಟೇ ಇರುವ ತಂಬಾಕಿನ ಬೀಜ ಆಳೆತ್ತರದ ಗಿಡವಾಗುತ್ತದೆ. ಬೀಜಕ್ಕೂ ಗಿಡಕ್ಕೂ ರೂಪದಲ್ಲಿ ಹೋಲಿಕೆಯಿಲ್ಲ, ಆದರೂ ಬೇರೆ ಬೇರೆ ಎನ್ನಲಾಗದು.

ಎದ್ದದ್ದು ಯಾರ ದೇಹ ಎಂಬ ಪ್ರಶ್ನೆ ಇನ್ನೂ ಮುಖ್ಯ. ಪುನರುತ್ಥಾನದ ನಂಬಿಕೆ ಯೆಹೂದಿಗಳಲ್ಲಿ ಗಟ್ಟಿಯಾದದ್ದು ಸತ್ತ ಮೇಲೆ ಏನಾಗುತ್ತದೆಂಬ ಕುತೂಹಲದಿಂದಲ್ಲ. ಕ್ರಿ.ಪೂ. ಎರಡನೆಯ ಶತಮಾನದಲ್ಲಿ ರಾಜ ಅಂತಿಯೋಕ ಅವರ ಧರ್ಮವನ್ನೇ ನಿಷೇಧಿಸಿ, ಒಪ್ಪದವರನ್ನು ಕೊಲ್ಲಿಸಿದ. ಮಕ್ಕಬಿಯರ ಎರಡನೆಯ ಗ್ರಂಥದಲ್ಲಿ ಒಬ್ಬ ತಾಯಿ ಮತ್ತು ಏಳು ಮಕ್ಕಳ ಪ್ರಸಂಗ ಬರುತ್ತದೆ. ತಾಯಿಯ ಕಣ್ಣೆದುರೇ ಮಕ್ಕಳನ್ನು ಒಬ್ಬೊಬ್ಬರಾಗಿ ಚಿತ್ರಹಿಂಸೆಗೆ ಒಡ್ಡುತ್ತಾರೆ. ಒಬ್ಬ ಮಗ ಕೈ ಚಾಚಿ, ಇವನ್ನು ಕೊಟ್ಟ ದೇವರೇ ಇವನ್ನು ಮರಳಿ ಕೊಡುವನು ಎಂಬರ್ಥದ ಮಾತು ಹೇಳುತ್ತಾನೆ. ರಾಜ ಕತ್ತರಿಸಿದ್ದು ಕೈಯನ್ನು, ನ್ಯಾಯ ಸಿಗಬೇಕಾದದ್ದೂ ಆ ಕೈಗೇ. ಆತ್ಮ ಸುಖವಾಗಿದೆ ಎಂದು ಸಮಾಧಾನ ಹೇಳಿದರೆ ರಾಜ ಮಾಡಿದ್ದಕ್ಕೆ ಯಾರೂ ಉತ್ತರ ಕೊಟ್ಟಂತಾಗುವುದಿಲ್ಲ.

ಯೇಸುವಿನ ವಿಷಯದಲ್ಲಿ ಈ ಪ್ರಶ್ನೆ ಇನ್ನಷ್ಟು ಬಿಗಿಯಾಗುತ್ತದೆ. ಶಿಲುಬೆ ರೋಮಿನ ಆಳ್ವಿಕೆಯಲ್ಲಿ ಗುಲಾಮರಿಗೂ ದಂಗೆಕೋರರಿಗೂ ಕೊಡುತ್ತಿದ್ದ ಶಿಕ್ಷೆ. ರೋಮಿನ ಅಧಿಪತಿ ಪಿಲಾತನ ನ್ಯಾಯಪೀಠ ತೀರ್ಪು ಕೊಟ್ಟಿತು, ಸೈನ್ಯ ಜಾರಿ ಮಾಡಿತು. ಮರಕ್ಕೆ ತೂಗುಹಾಕಲ್ಪಟ್ಟವನು ಶಾಪಗ್ರಸ್ತ ಎಂದು ಸ್ವಂತ ಧರ್ಮಗ್ರಂಥವೇ ಹೇಳಿತ್ತು. ದೇವರು ಎಬ್ಬಿಸಿದ್ದು ಹೀಗೆ ಕೋರ್ಟೂ ಧರ್ಮವೂ ಕೈಬಿಟ್ಟ ಬಡಗಿಯ ದೇಹವನ್ನು. ಪುನರುತ್ಥಾನ ಆ ತೀರ್ಪಿನ ಮೇಲೆ ಬಂದ ಮೇಲಿನ ನ್ಯಾಯಾಲಯದ ತೀರ್ಪು. ಯಾರೋ ಒಬ್ಬ ಸತ್ತವನು ಎದ್ದಿದ್ದರೆ ಅದು ಪವಾಡ ಅಷ್ಟೇ. ಇವನು ಎದ್ದದ್ದರಿಂದ ಅಧಿಕಾರದ ಮಾತೇ ಕೊನೆಯ ಮಾತು ಎಂಬುದು ಸುಳ್ಳಾಯಿತು.

ಕನ್ನಡದ ಓದುಗ ಈ ಭಾಗವನ್ನು ಮನಸ್ಸಿಗೆ ತೆಗೆದುಕೊಳ್ಳಲಿಲ್ಲ ಎಂದು ನನಗೆ ಬಹಳ ದಿನಗಳಿಂದ ಅನ್ನಿಸಿದೆ. ಮಂಜೇಶ್ವರದ ಗೋವಿಂದ ಪೈಗಳು ಕ್ರಿಸ್ತನ ಕೊನೆಯ ದಿನದ ಮೇಲೆ ಬರೆದ ಖಂಡಕಾವ್ಯಕ್ಕೆ ಶಿಲುಬೆ ನೆಟ್ಟ ಗುಡ್ಡದ ಹೆಸರನ್ನೇ ಇಟ್ಟರು: 'ಗೊಲ್ಗೊಥಾ'. ಕ್ರೈಸ್ತರಲ್ಲದ ಕವಿಯೊಬ್ಬ ಕ್ರಿಸ್ತನನ್ನು ಅಷ್ಟು ಆರ್ದ್ರವಾಗಿ ಕಂಡದ್ದು ನಮ್ಮ ಭಾಷೆಯ ಭಾಗ್ಯ. ಆದರೆ ಶಾಲೆ ಕಾಲೇಜುಗಳಲ್ಲಿ ನಮಗೆ ದಕ್ಕಿದ ಕ್ರಿಸ್ತ ಶುಕ್ರವಾರದ ಕ್ರಿಸ್ತ, ಕರುಣಾಮೂರ್ತಿ, ಹುತಾತ್ಮ. ಗಾಂಧೀಜಿ 1931ರಲ್ಲಿ ವ್ಯಾಟಿಕನ್ನಿನಲ್ಲಿ ಶಿಲುಬೆಗೇರಿದ ಮೂರ್ತಿಯ ಮುಂದೆ ಕಣ್ಣೀರಾದ ಪ್ರಸಂಗ ಎಲ್ಲರಿಗೂ ಗೊತ್ತು. ಭಾನುವಾರದ ನಸುಕು ಅವರನ್ನು ಹಾಗೆ ಕಾಡಲಿಲ್ಲ. 1981ರಲ್ಲಿ ಬೆಂಗಳೂರಿನ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜಿನಲ್ಲಿ ಮಾಡಿದ ಭಾಷಣದಿಂದ ದಲಿತ ದೈವಶಾಸ್ತ್ರಕ್ಕೆ ದಾರಿ ತೆರೆದ ಅರವಿಂದ ಪಿ. ನಿರ್ಮಲ್ ಕೂಡ ಯೇಸುವಿನ ದಲಿತತನವನ್ನು ಕಂಡದ್ದು ಶಿಲುಬೆಯಲ್ಲೇ. ಅವರ ಬಗ್ಗೆ ನನಗೆ ಆಳವಾದ ಗೌರವವಿದೆ. ಆದರೆ ಶಿಲುಬೆಯಲ್ಲೇ ನಿಂತುಬಿಟ್ಟರೆ ಗೆದ್ದವನು ಪಿಲಾತನೇ. ಹುತಾತ್ಮನಿಗೆ ಹಾರ ಹಾಕುವುದಕ್ಕೆ ಯಾವ ಸರ್ಕಾರದ ಅಡ್ಡಿಯೂ ಇಲ್ಲ. ಕೊಂದದ್ದು ತಪ್ಪು ಎಂದು ಕೊಲೆಯಾದವನೇ ಬಂದು ನಿಲ್ಲುವುದು ಬೇರೆ ಸಂಗತಿ.

ಅದೇ 1981ರ ಏಪ್ರಿಲ್ 6ರಂದು ನಿಪ್ಪಾಣಿಯಲ್ಲಿ ಗೋಲಿಬಾರ್ ಆಯಿತು. ತಂಬಾಕಿಗೆ ಸರಿಯಾದ ಬೆಲೆ ಕೇಳಿ ಹೆದ್ದಾರಿಯಲ್ಲಿ ಕೂತಿದ್ದ ರೈತರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಹತ್ತಕ್ಕೂ ಹೆಚ್ಚು ಮಂದಿ ಸತ್ತರು. ಆ ವರ್ಷದ ಈಸ್ಟರ್ ಬಿದ್ದದ್ದು ಏಪ್ರಿಲ್ 19ರಂದು, ಎರಡು ವಾರ ತುಂಬುವ ಮೊದಲೇ. ಅಂದು ಈ ಭಾಗದ ಒಬ್ಬ ಪಾದ್ರಿ ಪೀಠದ ಮುಂದೆ ನಿಂತು ಪುನರುತ್ಥಾನದ ಬಗ್ಗೆ ಏನು ಹೇಳಬಹುದಿತ್ತು? ಆತ್ಮಕ್ಕೆ ಗುಂಡು ತಾಗುವುದಿಲ್ಲ ಎಂದರೆ, ತಿಳಿದೋ ತಿಳಿಯದೆಯೋ, ಗುಂಡಿನ ಅಪರಾಧವನ್ನು ಹಗುರ ಮಾಡಿದಂತೆ. ಉತ್ತವರು, ಬೆಳೆದವರು, ರಸ್ತೆಯಲ್ಲಿ ಕೂತವರು ಆ ದೇಹಗಳೇ. ಅವಕ್ಕಾದ ಅನ್ಯಾಯವನ್ನು ದೇವರು ಅವಕ್ಕೇ ಸರಿಪಡಿಸಿಕೊಡಬೇಕು. ಸತ್ತ ರೈತರು ಕ್ರೈಸ್ತರಲ್ಲ ಎಂದು ಯಾರಾದರೂ ಹೇಳಬಹುದು. ಎಬ್ಬಿಸುವ ದೇವರು ಸಭೆಯ ರಿಜಿಸ್ಟರ್ ನೋಡಿ ಎಬ್ಬಿಸುತ್ತಾನೆಂದು ನಾನು ನಂಬಿಲ್ಲ.

ಇಲ್ಲಿ ವಿಚಾರವಾದಿ ಗೆಳೆಯರು ಒಂದು ಮಾತು ತೆಗೆಯುತ್ತಾರೆ. ನ್ಯಾಯದ ಅರ್ಥ ಚೆನ್ನಾಗಿದೆ, ಅದನ್ನು ಇಟ್ಟುಕೊಳ್ಳೋಣ. ಹೆಣ ಎದ್ದಿತೆಂಬ ಕಥೆ ಏಕೆ? ಶಿಷ್ಯರ ಮನಸ್ಸಿನಲ್ಲಿ, ಅವರ ಬೋಧನೆಯಲ್ಲಿ ಯೇಸು ಎದ್ದ ಎಂದರೆ ಸಾಲದೇ? ಜರ್ಮನಿಯ ದೈವಶಾಸ್ತ್ರಜ್ಞ ರುಡಾಲ್ಫ್ ಬುಲ್ಟ್‌ಮನ್ ಕೂಡ ಹತ್ತಿರಹತ್ತಿರ ಇದನ್ನೇ ಹೇಳಿದ. ಸಾಲದು. ಶಿಷ್ಯರ ಮನಸ್ಸಿನಲ್ಲಿ ಮಾತ್ರ ಎದ್ದಿದ್ದರೆ ಪಿಲಾತನ ತೀರ್ಪು ಹಾಗೇ ಉಳಿಯಿತು, ನೊಂದವರು ತಮಗೆ ತಾವೇ ಸಮಾಧಾನ ಹೇಳಿಕೊಂಡರು ಎಂದಾಯಿತು. ಪೌಲ ಕೊರಿಂಥದವರಿಗೆ ಇದನ್ನೇ ಖಡಾಖಂಡಿತವಾಗಿ ಬರೆದ: ಕ್ರಿಸ್ತ ಎದ್ದಿಲ್ಲವಾದರೆ ನಮ್ಮ ಬೋಧನೆಯೂ ಪೊಳ್ಳು, ನಿಮ್ಮ ನಂಬಿಕೆಯೂ ಪೊಳ್ಳು. ಘಟನೆಯ ಸುಮಾರು ಇಪ್ಪತ್ತೈದು ವರ್ಷದೊಳಗಿನ ಪತ್ರ ಅದು. ನೋಡಿದವರಲ್ಲಿ ಹೆಚ್ಚಿನವರು ಇನ್ನೂ ಬದುಕಿದ್ದಾರೆ ಎಂದೂ ಸೇರಿಸಿದ. ಪ್ರಯೋಗಾಲಯದ ಪುರಾವೆ ಕೇಳಿದರೆ ನನ್ನ ಬಳಿ ಇಲ್ಲ. ಆದರೆ ಕಥೆ ಕಟ್ಟುವವರು ಹೀಗೆ ಕಟ್ಟುವುದಿಲ್ಲ. ಹೆಂಗಸರ ಸಾಕ್ಷ್ಯಕ್ಕೆ ಬೆಲೆ ಕೊಡದ ಕಾಲದಲ್ಲಿ ನಾಲ್ಕೂ ಸುವಾರ್ತೆಗಳು ಮೊದಲ ಸಾಕ್ಷಿಗಳನ್ನಾಗಿ ಹೆಂಗಸರನ್ನೇ ನಿಲ್ಲಿಸಿದವು. ಎರಡನೆಯ ಶತಮಾನದಲ್ಲಿ ಕ್ರೈಸ್ತರ ಟೀಕಾಕಾರ ಸೆಲ್ಸಸ್ ಇದನ್ನೇ ಹಿಡಿದು ಹೀಯಾಳಿಸಿದ. ಮಾರ್ಕನ ಸುವಾರ್ತೆಯ ಹಳೆಯ ಪ್ರತಿಗಳಂತೂ ಹೆಂಗಸರು ಹೆದರಿ ಓಡಿ ಯಾರಿಗೂ ಏನೂ ಹೇಳಲಿಲ್ಲ ಎಂಬಲ್ಲಿಗೇ ನಿಂತುಬಿಡುತ್ತವೆ. ಮಗ್ದಲದ ಮರಿಯಳು ಎದ್ದವನನ್ನು ತೋಟದ ಮಾಲಿ ಎಂದುಕೊಂಡಳು. ಭಕ್ತಿಯಿಂದ ಹೆಣೆದ ಕಥೆಗೆ ಇಷ್ಟು ಮುಜುಗರಗಳು ಬೇಕಿರಲಿಲ್ಲ.

ಇತ್ತೀಚಿನ ಕೆಲವು ಪ್ರಾರ್ಥನಾ ಕೂಟಗಳಲ್ಲಿ ಪುನರುತ್ಥಾನವೆಂದರೆ ರೋಗ, ಸಾಲ, ಸೋಲು ಎಲ್ಲವನ್ನೂ ಓಡಿಸುವ ಶಕ್ತಿ ಎಂಬ ಬೋಧನೆಯೂ ನಡೆದಿದೆ. ಅವರಿಗೆ ಒಂದೇ ಮಾತು: ಎದ್ದವನ ಗಾಯ ಮಾಯ್ದಿರಲಿಲ್ಲ.

ದೇಹದ ಬಗ್ಗೆ ಈ ಹಟ ಏನು ಮಾಡಬಲ್ಲುದು ಎಂಬುದನ್ನು ಕಾಗವಾಡ, ಅಥಣಿಯ ಜನಕ್ಕೆ ದೂರ ಹೋಗಿ ತೋರಿಸಬೇಕಿಲ್ಲ. ಗಡಿ ದಾಟಿದರೆ ಮೀರಜ. ಅಮೆರಿಕನ್ ಪ್ರೆಸ್ಬಿಟೇರಿಯನ್ ಮಿಷನ್ನಿನ ಶಸ್ತ್ರವೈದ್ಯ ವಿಲಿಯಂ ವಾನ್ಲೆಸ್ 1894ರಲ್ಲಿ ಅಲ್ಲಿ ತೆರೆದ ಆಸ್ಪತ್ರೆ ಈ ಕಡೆಯ ಹಳ್ಳಿಗಳಿಗೆ ತಲೆಮಾರುಗಳಿಂದ 'ಮಿಷನ್ ದವಾಖಾನೆ'. ಕುಷ್ಠರೋಗಿಗಳನ್ನು ಊರು ಹೊರಗೆ ಹಾಕುತ್ತಿದ್ದ ಕಾಲದಲ್ಲಿ ಅವರ ಆರೈಕೆಯನ್ನೂ ಮಿಷನ್ನಿನವರು ಹೊತ್ತರು. ಪುನರುತ್ಥಾನ ನಂಬಿದವರಷ್ಟೇ ದೇಹವನ್ನು ಆರೈಕೆ ಮಾಡುತ್ತಾರೆ ಎಂದರೆ ಸುಳ್ಳಾದೀತು. ಜೈನರ ನಾಲ್ಕು ದಾನಗಳಲ್ಲಿ ಔಷಧದಾನವೂ ಒಂದು. ಆದರೂ ಆತ್ಮ ಉಳಿಸಲು ಬಂದವರು ಮೊದಲು ಹುಣ್ಣು ತೊಳೆದರು. ಅವರ ಪ್ರಸಂಗಕ್ಕಿಂತ ಅವರ ಕೈಗಳೇ ಈಸ್ಟರನ್ನು ಚೆನ್ನಾಗಿ ಅರಿತಿದ್ದವು.

ಸಭೆಗಳಿಂದ ನಾನು ಬಯಸುವುದು ಹೆಚ್ಚಿನದೇನಲ್ಲ. ನಿಪ್ಪಾಣಿಯಲ್ಲಿ ಜೀವಮಾನವೆಲ್ಲ ತಂಬಾಕಿನ ಧೂಳು ಉಸಿರಾಡಿ, ಬೀಡಿ ಕಟ್ಟಿ ಸತ್ತ ಒಬ್ಬ ತಾಯಿಗೆ ಮಣ್ಣು ಕೊಡುವಾಗ ಅವಳ ಆತ್ಮದ ಮಾತಿನ ಜೊತೆ ಅವಳ ಬೆರಳುಗಳ ಮಾತೂ, ಪುಪ್ಪುಸದ ಮಾತೂ ಬರಲಿ. ಅಥಣಿಯಲ್ಲಿ ಚಪ್ಪಲಿ ಹೊಲಿದವನ ಬೆನ್ನಿನ ಮಾತು ಬರಲಿ. ತಮಿಳುನಾಡಿನ ಕೆಲವು ಕ್ರೈಸ್ತ ಸ್ಮಶಾನಗಳಲ್ಲಿ ಇಂದಿಗೂ ಜಾತಿಗೊಂದು ಪಾಲು ಇದೆ; ಶರೀರದ ಪುನರುತ್ಥಾನವನ್ನು ನಂಬುತ್ತೇನೆ ಎಂದು ಭಾನುವಾರ ಬಾಯಲ್ಲಿ ಹೇಳುವವರು ಅಂಥ ಗೋಡೆಯನ್ನು ಒಂದು ದಿನವೂ ಸಹಿಸಬಾರದು.

ಶುಭ ಕೋರಲು ಬರುವ ನೆರೆಯವರ ಜೊತೆಗೂ ನಾವು ನೇರವಾಗಿರಬೇಕು. ಶೇಡಬಾಳದ ಜೈನ ಹಿರಿಯರೊಬ್ಬರು ಈಸ್ಟರಿನಂದು ಮನೆಗೆ ಬಂದು, ಎದ್ದು ಬಂದ ನಿಮ್ಮ ಸ್ವಾಮಿ ನಿಜಕ್ಕೂ ಮೀನು ತಿಂದನೇ ಎಂದು ಕೇಳಿದರೆ, ಹೌದ್ರಿ, ತಿಂದ ಎನ್ನಬೇಕು. ಆ ಉತ್ತರ ಅವರಿಗೆ ನೋವು ಕೊಡುತ್ತದೆ. ಜೀವದಯೆಯಿಂದ ಹುಟ್ಟಿದ ಅವರ ಆಕ್ಷೇಪ ನಮ್ಮನ್ನೂ ಕಾಡಬೇಕು. ಮುಂದಿನ ಮಾತು ಅಲ್ಲಿಂದ ಶುರುವಾಗಲಿ.