ಪೊಲೀಸರ ಪ್ರಶ್ನೆಗೆ ಸಿಕ್ಕದ ದೆವ್ವ

ಕಿಯೋಶಿ ಕುರೊಸಾವಾ ಅವರ ಜಪಾನಿ ಚಿತ್ರ ‘ಕ್ಯೂರ್’ (1997) ದೆವ್ವ ಮೆಟ್ಟುವ ಕಥೆಯೇ. ಆದರೆ ಅದರಲ್ಲಿ ಪ್ರೇತವಿಲ್ಲ, ಮಂತ್ರವಾದಿಯೂ ಇಲ್ಲ. ಟೋಕಿಯೊದಲ್ಲಿ ಒಂದರ ಹಿಂದೊಂದು ಕೊಲೆಯಾಗುತ್ತದೆ. ಕೊಂದವರಲ್ಲಿ ಒಬ್ಬ ಮೇಷ್ಟ್ರು, ಒಬ್ಬ ಪೇದೆ, ಒಬ್ಬ ವೈದ್ಯೆ. ಹೆಣಗಳ ಮೇಲೆ ಕೊಯ್ದದ್ದು ಒಂದೇ ಗುರುತು, ಗುಣಾಕಾರದ ಚಿಹ್ನೆ. ಸಿಕ್ಕಿಬಿದ್ದವರು ಕೊಂದದ್ದನ್ನು ಒಪ್ಪಿಕೊಳ್ಳುತ್ತಾರೆ. ಯಾಕೆ ಕೊಂದರೆಂಬುದು ಮಾತ್ರ ಅವರಿಗೇ ಗೊತ್ತಿಲ್ಲ.

ಪತ್ತೇದಾರ ಟಕಾಬೆಯ ಕಸುಬು ನಿಂತಿರುವುದೇ ಆ ‘ಯಾಕೆ’ಯ ಮೇಲೆ. ಅವನಿಗೆ ಎದುರಾಗುವ ಮಾಮಿಯಾ ನೆನಪು ಕಳೆದುಕೊಂಡ ಯುವಕ. ಕೇಳಿದ ಪ್ರಶ್ನೆಗೆ ಉತ್ತರ ಕೊಡದೆ, ‘ನೀನು ಯಾರು?’ ಎಂದು ತಿರುಗಿ ಕೇಳುತ್ತಾನೆ. ಲೈಟರಿನ ಜ್ವಾಲೆ, ನೆಲದ ಮೇಲೆ ಹರಿಯುವ ನೀರು, ಅವಸರವಿಲ್ಲದ ದನಿ: ಅವನ ವಶೀಕರಣಕ್ಕೆ ಇಷ್ಟೇ ಸಾಕು. ಹೊರಗಿನದೇನನ್ನೂ ಅವನು ಒಳಗೆ ಹೊಗಿಸುವುದಿಲ್ಲ. ಗಂಡಸರ ನಡುವೆ ದುಡಿಯುವ ವೈದ್ಯೆ ನುಂಗಿಕೊಂಡ ಅವಮಾನವನ್ನು ಕೆದಕುತ್ತಾನೆ, ಅಷ್ಟೆ. ನನ್ನ ಮಟ್ಟಿಗೆ ಚಿತ್ರದ ಅಸಲು ಭಯ ಇದು.

ಪೊಲೀಸ್ ಚೌಕಿಯ ದೃಶ್ಯವನ್ನೇ ನೋಡಿ. ಕ್ಯಾಮೆರಾ ದೂರದಲ್ಲಿ ಅಲುಗದೆ ನಿಂತಿದೆ. ಹಗಲು ಹೊತ್ತು. ಪೇದೆ ಹೊರಗೆ ಬಂದು, ಜೊತೆಗಾರನ ತಲೆಗೆ ಹಿಂದಿನಿಂದ ಗುಂಡು ಹಾರಿಸಿ, ಹೆಣವನ್ನು ಒಳಗೆ ಎಳೆದುಕೊಳ್ಳುತ್ತಾನೆ. ಸಂಗೀತವಿಲ್ಲ, ಮುಖದ ಹತ್ತಿರದ ಚಿತ್ರವಿಲ್ಲ. ಕೊಲೆ ಅವತ್ತಿನ ಡ್ಯೂಟಿಯ ಒಂದು ಭಾಗದಂತೆ ಮುಗಿದುಹೋಗುತ್ತದೆ. ಚಿತ್ರ ಬರುವ ಎರಡು ವರ್ಷ ಮುಂಚೆಯಷ್ಟೇ, 1995ರಲ್ಲಿ, ಓಂ ಶಿನ್ರಿಕ್ಯೊ ಪಂಥದವರು ಟೋಕಿಯೊದ ಸುರಂಗ ರೈಲುಗಳಲ್ಲಿ ಸಾರಿನ್ ವಿಷಾನಿಲ ಹರಡಿದ್ದರು. ಹರಡಿದವರಲ್ಲಿ ಒಬ್ಬ ಹೃದ್ರೋಗ ತಜ್ಞನಿದ್ದ. ಆ ಊರಿನ ಪ್ರೇಕ್ಷಕರಿಗೆ ಈ ದೃಶ್ಯ ಬರಿಯ ಕಲ್ಪನೆಯಾಗಿ ಕಂಡಿರಲಾರದು.

ಚಿತ್ರ ಸಡಿಲಾಗುವುದು ಮನೋವೈದ್ಯ ಸಕುಮಾ ವಿವರಣೆಗೆ ತೊಡಗಿದಾಗ. ಸಂಮೋಹನ ವಿದ್ಯೆಗೆ ದಾರಿ ಮಾಡಿದ ವೈದ್ಯ ಮೆಸ್ಮರನ ಚರಿತ್ರೆ, ಸಂಮೋಹನದ ಹಳೆಯ ಚಲನಚಿತ್ರದ ತುಣುಕು, ಗುಪ್ತ ಪರಂಪರೆಯ ಸುಳಿವು. ಇಷ್ಟು ಹೊತ್ತು ಯಾರೊಳಗಾದರೂ ಇರಬಹುದಾಗಿದ್ದದ್ದು ಈಗ ಯಾರೋ ಕೆಲವರ ವಿದ್ಯೆಯಾಗಿ ಕುಗ್ಗುತ್ತದೆ.

ಅದನ್ನು ಮತ್ತೆ ಹಿಗ್ಗಿಸುವವರು ಟಕಾಬೆಯಾಗಿ ನಟಿಸಿದ ಕೋಜಿ ಯಾಕುಶೋ. ಟಕಾಬೆಯ ಹೆಂಡತಿಗೆ ಮನೋರೋಗ, ಮನೆಯಲ್ಲಿ ಖಾಲಿ ವಾಷಿಂಗ್ ಮಷೀನ್ ತಿರುಗುತ್ತಿರುತ್ತದೆ. ಟಕಾಬೆ ಬಂದು ಅದನ್ನು ನಿಲ್ಲಿಸುತ್ತಾನೆ, ಗದರುವುದಿಲ್ಲ. ಆ ತಾಳ್ಮೆಯೇ ಮಾಮಿಯಾನ ಕೈಗೆ ಸಿಕ್ಕುವ ಎಳೆ. ಕೊನೆಯ ಹೋಟೆಲಿನ ದೃಶ್ಯ ಅಸ್ಪಷ್ಟವೆನ್ನುವವರಿದ್ದಾರೆ. ನನಗೆ ಹಾಗನ್ನಿಸಿಲ್ಲ. ಹಿಂದೊಮ್ಮೆ ತಟ್ಟೆ ಮುಟ್ಟದೆ ಕೂತಿದ್ದವನು ಈಗ ಪೂರ್ತಿ ಊಟ ಮಾಡಿದ್ದಾನೆ, ಮುಖ ಹಗುರಾಗಿದೆ. ಪತ್ತೇದಾರನನ್ನೂ ಆ ದೆವ್ವ ಬಿಟ್ಟಿಲ್ಲ ಎಂದು ಹೇಳಲು ಕುರೊಸಾವಾಗೆ ಬೇರೆ ಸಾಕ್ಷಿ ಬೇಕಾಗಿಲ್ಲ.